ಮಿಸ್ ಇಂಡಿಯಾ ಸ್ಪರ್ಧೆ ಶುರುವಾದದ್ದು ಯಾವಾಗ? ಐಶ್ವರ್ಯಾ ರೈ ಮಿಸ್ ಇಂಡಿಯಾ ಆಗಿದ್ದರಾ?

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ: ಇಲ್ಲ. ನಮ್ಮ ಮಂಜೇಶ್ವರದಲ್ಲಿ ಇದನ್ನು ಹೇಳಿದರೆ ಜಗಳಕ್ಕೇ ಬರುತ್ತಾರೆ. ಮಂಗಳೂರು ಪಕ್ಕದಲ್ಲೇ ಅಲ್ವಾ, ಅಲ್ಲಿ ಹುಟ್ಟಿದ ಹುಡುಗಿ ಎಂಬ ಅಭಿಮಾನ. ಆದರೆ 1994ರ ಫೆಮಿನಾ ಮಿಸ್ ಇಂಡಿಯಾ ಗೆದ್ದದ್ದು ಸುಶ್ಮಿತಾ ಸೇನ್. ಐಶ್ವರ್ಯಾಗೆ ಎರಡನೇ ಸ್ಥಾನ. ಗೆದ್ದವರು ಮಿಸ್ ಯೂನಿವರ್ಸ್‌ಗೆ, ಎರಡನೆಯವರು ಮಿಸ್ ವರ್ಲ್ಡ್‌ಗೆ ಹೋದರು. ಅದೇ ವರ್ಷ ಇಬ್ಬರೂ ಕಿರೀಟ ತಂದರು. ಆಮೇಲೆ ಎರಡನೇ ಸ್ಥಾನ ಯಾರಿಗೆ ನೆನಪಿರುತ್ತದೆ?

ಇನ್ನು ಶುರುವಿನ ವಿಷಯ. ಮೊದಲ ಮಿಸ್ ಇಂಡಿಯಾ ಎಂದು ಸಾಮಾನ್ಯವಾಗಿ ಹೇಳುವುದು ಪ್ರಮೀಳಾ ಹೆಸರನ್ನು, 1947ರಲ್ಲಿ. ಅವರ ನಿಜ ಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಕಲ್ಕತ್ತೆಯ ಯಹೂದಿ ಕುಟುಂಬದವರು, ಸಿನಿಮಾ ನಟಿ. ಮಜಾ ಏನೆಂದರೆ, 20 ವರ್ಷದ ನಂತರ ಅವರ ಮಗಳು ನಕಿ ಜಹಾನ್ ಕೂಡ ಮಿಸ್ ಇಂಡಿಯಾ ಆದರು! 1952ರಲ್ಲಿ ನೃತ್ಯಗಾರ್ತಿ ಇಂದ್ರಾಣಿ ರೆಹಮಾನ್ ಗೆದ್ದು, ಮೊದಲ ಮಿಸ್ ಯೂನಿವರ್ಸ್ ಸ್ಪರ್ಧೆಗೇ ಹೋಗಿದ್ದರು.

ಫೆಮಿನಾ ಪತ್ರಿಕೆ ಕೈ ಹಾಕಿದ್ದು 1964ರಲ್ಲಿ. ಆಗ ಗೆದ್ದವರು ಮೆಹರ್ ಮಿಸ್ತ್ರಿ. ಈವ್ಸ್ ವೀಕ್ಲಿ ಪತ್ರಿಕೆಯದ್ದೂ ಬೇರೆ ಸ್ಪರ್ಧೆ ಇತ್ತು. 1966ರ ಮಿಸ್ ವರ್ಲ್ಡ್ ರೀಟಾ ಫಾರಿಯಾ ಆ ದಾರಿಯಿಂದ ಬಂದವರು. ಅವರು ಸಿನಿಮಾ ಕಡೆ ತಲೆಹಾಕದೆ ಡಾಕ್ಟರ್ ಆದರು. ನನಗೆ ಐಶ್ವರ್ಯಾಗಿಂತ ಇವರೇ ಜಾಸ್ತಿ ಇಷ್ಟ, ಊರಲ್ಲಿ ಹೇಳಬೇಡಿ ಮತ್ತೆ.