ತಂಬೂರಿ ಹಿಡಿದು ಪುಣೆಗೆ ಹೊರಟ ತಂಗಿಗೆ

ತಂಗೀ, ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿದ್ದೀಯ, ಹಾಡುತ್ತೀಯ, ಗಣಿತವನ್ನೂ ಬಿಡಲಾರೆ ಅನ್ನುತ್ತೀಯ. ಮೂರನ್ನೂ ಸೇರಿಸಿ ಪುಣೆಯಲ್ಲಿ ಸಂಶೋಧನೆ ಮಾಡಬಹುದಾ, ಇಲ್ಲಿನ ಜೀವನ ಹೇಗೆ ಅಂತ ಕೇಳಿದ್ದೀಯ.

ಖಂಡಿತ ಬಾ. ಆದರೆ ಮೂರಕ್ಕೂ ಸೇರಿ ಒಂದೇ ವಿಭಾಗ ಸಿಗಲಿ ಅಂತ ಕಾಯುತ್ತ ಕೂರಬೇಡ. ವಿಜ್ಞಾನ ಸಂಶೋಧನೆಯ ಐಸರ್ ಸಂಸ್ಥೆ ಇರುವುದು ಪಾಷಾಣ್ ಬಡಾವಣೆಯಲ್ಲಿ, ಸಂಗೀತ ಕಲಿಸುವ ಲಲಿತ ಕಲಾ ಕೇಂದ್ರ ಇರುವುದು ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ. ದೂರ ಜಾಸ್ತಿ ಇಲ್ಲ. ಫಿಸಿಕ್ಸ್‌ನಲ್ಲೇ ಹೆಸರು ಹಚ್ಚು, ಎರಡೂ ಕಡೆ ಓಡಾಡು.

ಒಂದು ಸಪ್ತಕದೊಳಗಿನ 22 ಸೂಕ್ಷ್ಮ ಸ್ವರಸ್ಥಾನಗಳನ್ನು, ಅಂದರೆ ಶ್ರುತಿಗಳನ್ನು ಅಳೆಯುತ್ತೇನೆ ಅಂದೆಯಲ್ಲ, ಮೊದಲಿಗೇ ಅದಕ್ಕೆ ಕೈ ಹಾಕಬೇಡ. 1 ಹರ್ಟ್ಜ್ ಅಂತರದ ಎರಡು ನಾದಗಳನ್ನು ಬೇರೆ ಮಾಡಿ ನೋಡಲು ಸುಮಾರು 1 ಸೆಕೆಂಡಿನಷ್ಟು ಅಲುಗದ ಧ್ವನಿ ಬೇಕು. ದರ್ಬಾರಿ ರಾಗದ ಗಾಂಧಾರ ಸ್ವರ ಅಷ್ಟು ಹೊತ್ತು ಅಲುಗದೆ ನಿಲ್ಲುತ್ತದಾ? ಸರಾಸರಿ ತೆಗೆದರೆ ಒಂದು ಸಂಖ್ಯೆ ಸಿಗುತ್ತದೆ, ಆಂದೋಲನ, ಅಂದರೆ ಆ ಸ್ವರದ ನಿಧಾನ ತೂಗಾಟ, ಹೋಗಿಬಿಡುತ್ತದೆ.

ನಿನ್ನ ತಂಬೂರಿಯಿಂದಲೇ ಶುರು ಮಾಡು. ತಂತಿಯನ್ನು ನಟ್ಟನಡುವೆ ಮೀಟಿದರೆ, ಪುಸ್ತಕದ ಲೆಕ್ಕದಂತೆ 2, 4, 6ನೇ ಹಾರ್ಮೋನಿಕ್ (ಮೂಲ ನಾದದ 2, 4, 6 ಪಟ್ಟು ಕಂಪನದ ಉಪನಾದ) ಕೇಳಿಸಬಾರದು; ಅವುಗಳ ನೋಡ್, ಅಂದರೆ ಅಲುಗದ ಬಿಂದು, ಇರುವುದೇ ಅಲ್ಲಿ. ತಂಬೂರಿಯಲ್ಲಿ ಅವೂ ಕೇಳುತ್ತವೆ! ಸಿ.ವಿ. ರಾಮನ್ 1921ರಲ್ಲೇ ಇದನ್ನು ಬರೆದಿದ್ದರು. ಕಾರಣ ಕುದುರೆ, ಅಂದರೆ ಬುರುಡೆಯ ಮೇಲೆ ತಂತಿಗಳನ್ನು ಹೊತ್ತ ಪಟ್ಟಿ. ಅದರ ಮೇಲ್ಮೈ ಅಗಲ, ತುಸು ಇಳಿಜಾರು. ಅದುರುವ ತಂತಿ ಅದನ್ನು ಮುಟ್ಟುತ್ತ, ಬಿಡುತ್ತ ಇರುತ್ತದೆ. ಅಂದರೆ ತಂತಿಯ ಉದ್ದವೇ ಕ್ಷಣಕ್ಷಣಕ್ಕೂ ಬದಲು. ಸಾದಾ ಸಮೀಕರಣ ಇಲ್ಲಿ ನಡೆಯುವುದಿಲ್ಲ, ನಿನ್ನ ಗಣಿತಕ್ಕೆ ಕೆಲಸ ಬೀಳುವುದು ಇಲ್ಲೇ. ಕುದುರೆಗೂ ತಂತಿಗೂ ನಡುವೆ ಇಡುವ ಜವಾರಿ ದಾರವನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಮಂಕಾಗುತ್ತದೆ, ಇಲ್ಲವೇ ಅರಳುತ್ತದೆ. ದಾರ ಎಲ್ಲಿದ್ದಾಗ ಯಾವ ಹಾರ್ಮೋನಿಕ್ ಎಷ್ಟು ಹೊತ್ತು ಉಳಿಯುತ್ತದೆ? ಈ ಒಂದು ಪ್ರಶ್ನೆ ಹಿಡಿದುಕೋ, ಸಾಕು. ನಾನು ತಬಲಾ ಬಾರಿಸುವವನು, ಆದರೂ ನಿನಗೆ ತಬಲಾಕ್ಕಿಂತ ಇದನ್ನೇ ಹೇಳುತ್ತೇನೆ. ಸ್ವರ ಮಿಲಾಯಿಸಿ ಪಳಗಿದ ಕಿವಿ ಇಲ್ಲಿ ನಿನಗೆ ಯಾವ ಸಾಫ್ಟ್‌ವೇರ್‌ಗಿಂತಲೂ ಮೊದಲು ಸುಳಿವು ಕೊಡುತ್ತದೆ.

ಬರುವಾಗ ಮಿರಜ್‌ನಲ್ಲಿ ಇಳಿ, ರೈಲು ಹೇಗೂ ಆ ದಾರಿಯಲ್ಲೇ ಬರುತ್ತದೆ. ತಂಬೂರಿ ಮಾಡುವವರ ಅಂಗಡಿಯಲ್ಲಿ ಸುಮ್ನೆ ಕೂತು ನೋಡು. ಕುದುರೆಯನ್ನು ಅರದಿಂದ ಉಜ್ಜುತ್ತಾರೆ, ಮೀಟುತ್ತಾರೆ, ಮತ್ತೆ ಉಜ್ಜುತ್ತಾರೆ. ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳು. ಅಲ್ಲಿ ಕನ್ನಡವೂ ನಡೆಯುತ್ತದೆ.

ಇನ್ನು ಜೀವನ. ಮರಾಠಿ ಬೇಗ ಕಲಿ. ಗುರುಗಳ ಮನೆಯಲ್ಲಿ ಇಂಗ್ಲಿಷ್ ಸಾಲದು. ಪರಕೀಯ ಅನ್ನಿಸಿದರೆ ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ್ದು ಅದು.

ರೂಮು ರಸ್ತೆ ಬದಿಗೆ ಬೇಡ, ಬೈಕುಗಳ ಸದ್ದೆಲ್ಲ ರೆಕಾರ್ಡಿಂಗ್‌ನಲ್ಲಿ ಸೇರುತ್ತದೆ. ತಂಬೂರಿಯ ತಂತಿ ಸಡಿಲಿಸಿ, ಕೌದಿಯಲ್ಲಿ ಸುತ್ತಿ ತಾ. ಲಗೇಜಿನ ಜೊತೆ ಕೆಳಗೆ ಇಡಬೇಡ, ಮೇಲಿನ ಬರ್ತ್ ತೆಗೆದುಕೊಂಡು ಪಕ್ಕದಲ್ಲೇ ಮಲಗಿಸಿಕೋ.