ಬೇಸಿಗೆ ರಜೆಗೆ ಟ್ರೈಲರ್ ಬೋಟು ಎಲ್ಲಿಗೆ? ಮೂಡಿಗೆರೆ ಅಣ್ಣನಿಗೆ ಉತ್ತರ

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದ್ದೆ. ಕರೆಂಟ್ ಇರ್ಲಿಲ್ಲ, ಈಗ ಕೂತು ಬರೀತಿದ್ದೀನಿ. ಹದಿನಾಲ್ಕು ಅಡಿ ಫೈಬರ್ ಬೋಟು, 15 ಎಚ್‌ಪಿ ಎಂಜಿನ್, ಎಳೆಯೋಕೆ ಬೊಲೆರೊ, ಜೊತೆಗೆ ಅತ್ತಿಗೆ, ಇಬ್ಬರು ಮಕ್ಕಳು. ಏಪ್ರಿಲ್-ಮೇನಲ್ಲಿ ಹೇಮಾವತಿಗೋ, ಭದ್ರಾಗೋ, ಲಿಂಗನಮಕ್ಕಿಗೋ, ಘಟ್ಟದ ಕೆಳಗೋ ಅಂತ ಕೇಳಿದ್ದೀರಿ. ಇಲ್ಲಿ ಎಲ್ಲರೂ ಒಂದೊಂದು ಫೋಟೊ ಹಾಕಿ "ಇಲ್ಲಿಗೆ ಹೋಗಿ" ಅಂದಿದ್ದಾರೆ. ಆ ಫೋಟೊಗಳೆಲ್ಲ ಅಕ್ಟೋಬರಿನವು, ದಡದ ಹಸಿರು ನೋಡಿದ್ರೇ ಗೊತ್ತಾಗುತ್ತೆ.

ನಾನು ಮೊದಲು ನೋಡೋದು ದಡ, ನೀರು ಆಮೇಲೆ. ಇಳಿಸೋಕೆ ಯಾರಾದ್ರೂ ಇಳಿಸ್ತಾರೆ, ಇಳಿಜಾರು ತಾನೆ? ಸಂಜೆ ಮಕ್ಕಳು ಹಸಿದು ಅಳ್ತಿರೋವಾಗ ಅದೇ ಬೋಟನ್ನ ಟ್ರೈಲರಿಗೆ ಏರಿಸಿ ರಸ್ತೆಗೆ ತರೋಕೆ ಆಗುತ್ತಾ ಅಂತ ನೋಡ್ಬೇಕು. ನಮ್ಮ ಡ್ಯಾಮ್‌ಗಳಲ್ಲಿ ಬೇಸಿಗೆ ಅಂದ್ರೆ ನೀರು ಹಿಂದೆ ಸರಿಯೋ ಕಾಲ, ದಡ ದಿನಾ ಬದಲಾಗುತ್ತೆ.

ಹೇಮಾವತಿಯಿಂದ ಶುರು ಮಾಡ್ತೀನಿ, ಅಲ್ಲೇ ನಾನು ಪೆಟ್ಟು ತಿಂದಿದ್ದು. ಅಲ್ಲಿನ ಗೊರೂರು ಡ್ಯಾಮ್ ತುಂಬಿದ್ರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 2922 ಅಡಿ, 37 ಟಿಎಂಸಿ ನೀರು. ಶೆಟ್ಟಿಹಳ್ಳಿ ಚರ್ಚಿನ ಕಮಾನುಗಳ ಮಧ್ಯೆ ನೀರು ನಿಂತಿರೋ ಚಿತ್ರ ನೋಡಿ ಎಲ್ಲರಿಗೂ ಅಲ್ಲಿ ಬೋಟು ಬಿಡೋ ಆಸೆ. ಅದು ಮಳೆಗಾಲದ ಮಾತು. ಏಪ್ರಿಲ್‌ನಲ್ಲಿ ಚರ್ಚಿನ ಬಾಗಿಲವರೆಗೆ ಬೈಕು ಹೋಗುತ್ತೆ, ದನಗಳು ಗೋಡೆ ನೆರಳಿಗೆ ನಿಂತಿರುತ್ವೆ.

ಒಂದು ಸಲ ಏಪ್ರಿಲ್ ಕೊನೇಲಿ ನಾನೂ ನಮ್ಮ ಭಾವನೂ ಹಿನ್ನೀರಿನ ಬಯಲಿಗೆ ಜೀಪು ಇಳಿಸಿದ್ವಿ. ಗೋಡು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಹಿಮ್ಮಡೀಲಿ ಒದ್ದು ನೋಡಿದೆ, ಕಲ್ಲಿನ ಹಾಗೆ ಇತ್ತು. ನೀರಿಗೆ ಇನ್ನೂ ಹತ್ತು ಹೆಜ್ಜೆ ಇರೋವಾಗ ಟ್ರೈಲರಿನ ಎಡಗಡೆ ಚಕ್ರ ಬುಸ್ಸಂತ ಕುಂತ್ಕೊಂಡ್ತು. ಮೇಲೆ ನಾಲ್ಕು ಬೆರಳು ಹಪ್ಪಳ, ಕೆಳಗೆ ರಾಗಿ ಅಂಬಲಿ! ಜೀಪು ಎಳೆದಷ್ಟೂ ಅದರ ಹಿಂದಿನ ಚಕ್ರನೂ ಇಳೀತಾ ಹೋಯ್ತು. ಕೊನೆಗೆ ಅಲ್ಲೇ ಬಯಲಲ್ಲಿ ಸೌತೆ ಹಾಕಿದ್ದ ಯಜಮಾನ್ರು ಟ್ರ್ಯಾಕ್ಟರ್ ತಂದು ಎಳೆದ್ರು. ಕಾಸು ಕೊಟ್ರೆ ತಗೊಳ್ಳಲಿಲ್ಲ. "ದನ ಎಲ್ಲಿ ನೀರು ಕುಡಿಯೋಕೆ ಇಳೀತವೆ ನೋಡ್ಕೊಂಡು ಅಲ್ಲಿ ಇಳಿಸಿ ಸ್ವಾಮಿ, ಅವಕ್ಕೆ ನಿಮಗಿಂತ ಗೊತ್ತು" ಅಂದ್ರು. ಅವತ್ತಿಂದ ಅದನ್ನೇ ಮಾಡ್ತಿದ್ದೀನಿ. ದನದ ಜಾಡು ಇರೋ ಕಡೆ ಜಲ್ಲಿಯೋ ಮರಳೋ ಇದ್ದೇ ಇರುತ್ತೆ.

ಜೊತೆಗೆ ಒಂದು ಹಾರೆ ಇಟ್ಕೊಳ್ಳಿ. ನೆಲಕ್ಕೆ ಊರಿ ಮೈಭಾರ ಬಿಡಿ, ಗೇಣಿಗಿಂತ ಜಾಸ್ತಿ ಇಳಿದ್ರೆ ಆ ಜಾಗ ಬೇಡ. ಐವತ್ತು ಅಡಿ ದಪ್ಪ ಹಗ್ಗ, ಎರಡು ಹಳೇ ಹಲಗೆ ಸಾಕು: ಜೀಪನ್ನ ಗಟ್ಟಿ ನೆಲದಲ್ಲೇ ನಿಲ್ಲಿಸಿ, ಟ್ರೈಲರ್ ಕಳಚಿ, ಹಗ್ಗದಲ್ಲಿ ಹಲಗೆ ಮೇಲೆ ಇಳಿಸಬಹುದು. ಟ್ರೈಲರ್ ಹೂತುಹೋದ್ರೆ ಪರವಾಗಿಲ್ಲ, ಜೀಪು ಹೂತುಹೋಗಬಾರದು.

ಯಗಚಿ ನಿಮಗೆ ಹತ್ತಿರ, ಬೇಲೂರು ದಾಟಿದ್ರೆ ಆಯ್ತು. ನೀರು ಚಿಕ್ಕದು. ಅಲ್ಲಿ ಜಲಕ್ರೀಡೆಯವರ ಬೋಟುಗಳು ಓಡಾಡ್ತಿರುತ್ವೆ. ಊರೂರು ಸುತ್ತೋಕೆ ಅಲ್ಲಿ ಏನೂ ಇಲ್ಲ, ಆದ್ರೆ ಹೊಸದಾಗಿ ತಗೊಂಡ ಎಂಜಿನ್ ಒಂದು ದಿನ ಓಡಿಸಿ ನೋಡೋಕೆ ಸರಿ. ಹೇಮಾವತಿ, ಯಗಚಿ ಎರಡೂ ಕಾವೇರಿ ನೀರಾವರಿ ನಿಗಮದ ಕೈಲಿವೆ. ಇಂಜಿನಿಯರ್ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪತ್ರ ತಗೊಳ್ಳಿ, ಡ್ಯಾಮ್ ಗೋಡೆ ಹತ್ರ ಸುಳೀಬೇಡಿ. ಎಂಜಿನ್ ಇರೋ ಬೋಟಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ ಬೇಕು, ಟ್ರೈಲರಿಗೆ ಆರ್‌ಟಿಒದ್ದು ಬೇರೆ. ಹಳಬರ ಹತ್ರ ತಗೊಂಡಿದ್ದೀರಿ, ಕಾಗದ ನಿಮ್ಮ ಹೆಸರಿಗೆ ಆಗಿದೆಯಾ ನೋಡ್ಕೊಳ್ಳಿ.

ಭದ್ರಾಕ್ಕೆ ಬೋಟು ತಗೊಂಡು ಹೋಗ್ಲೇಬೇಡಿ. ಲಕ್ಕವಳ್ಳಿ ಹಿನ್ನೀರು ಅಂದ್ರೆ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆ ಅನುಮತಿ ಇಲ್ದೆ ಸ್ವಂತ ಎಂಜಿನ್ ಇಳಿಸೋ ಹಾಗಿಲ್ಲ. ಅನುಮತಿ ಸಿಕ್ರೂ ನಾನು ಬೇಡ ಅಂತೀನಿ. ಬೇಸಿಗೇಲಿ ನೀರು ಇಳಿದು ನಡುಗಡ್ಡೆ ಮೇಲೆ ಬಂದಾಗ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡ್ತವೆ. ನಮ್ಮ ಬೋಟು ಹತ್ರ ಹೋದ್ರೆ ತಾಯಿ ಎದ್ದು ಹಾರುತ್ತೆ, ಆ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತೆ. ಮಕ್ಕಳಿಗೆ ತೋರಿಸ್ಬೇಕಂದ್ರೆ ಟ್ರೈಲರ್ ಮನೇಲಿ ಬಿಟ್ಟು, ಅಲ್ಲಿನ ಜಂಗಲ್ ಲಾಡ್ಜಸ್‌ನವರ ಬೋಟಲ್ಲಿ ಕೂತು ಬನ್ನಿ.

ಲಿಂಗನಮಕ್ಕಿ ಬಗ್ಗೆ ನನಗೆ ತುಂಬಾ ಪ್ರೀತಿ. ತುಂಬಿದಾಗ 1819 ಅಡಿ, 151 ಟಿಎಂಸಿ. ಹೊನ್ನೆಮರಡು ಕಡೆಯಿಂದ ಹೊರಟ್ರೆ ಮೂರು ದಿನ ಸುತ್ತಿದ್ರೂ ಮುಗಿಯಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ್ಮೇಲೆ ತುಮರಿ ಕಡೆಗೆ ಹೋಗೋಕೆ ಲಾಂಚಿಗೆ ಕಾಯೋದೂ ತಪ್ಪಿದೆ. ಆದ್ರೆ ಅದು ನವೆಂಬರ್-ಜನವರಿಯ ಜಾಗ. 1964ರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ. ಬೇಸಿಗೇಲಿ ಕೆಲವು ಕಾಣ್ತವೆ, ನೀರಿಂದ ಒಂದು ಗೇಣು ಕೆಳಗಿರೋವು ಕಾಣಲ್ಲ. ಪ್ರೊಪೆಲ್ಲರಿಗೆ ಬಡಿದ್ರೆ, ಶಿಯರ್ ಪಿನ್ (ಗೇರ್ ಉಳಿಸೋಕೆ ತಾನು ಮುರಿಯೋ ಚಿಕ್ಕ ಕಡ್ಡಿ) ಇರೋ ಎಂಜಿನ್ನಲ್ಲಿ ಅದು ತುಂಡಾಗುತ್ತೆ. ಬಿಡಿ ಪಿನ್ ಇಲ್ದಿದ್ರೆ ಹುಟ್ಟು ಹಾಕ್ಕೊಂಡು ಬರ್ಬೇಕು, ಆ ಅಗಲದ ನೀರಲ್ಲಿ ಎದುರುಗಾಳಿ ಬೇರೆ. ಡಿಸೆಂಬರಿಗೆ ಇಟ್ಕೊಳ್ಳಿ, ಬೇಕಾದ್ರೆ ನಾನೂ ಬರ್ತೀನಿ.

ಹಾಗಾಗಿ ಈ ರಜೆಗೆ ಘಟ್ಟ ಇಳೀರಿ. ಸಮುದ್ರಕ್ಕೆ ಅಂತ ಹೇಳ್ತಿಲ್ಲ, ಹೊಳೆ ಸಮುದ್ರ ಸೇರೋ ಅಳಿವೆಗಳಿಗೆ. ಅಲ್ಲಿ ಬೇಸಿಗೇಲೂ ನೀರು ಬತ್ತಲ್ಲ, ಸಮುದ್ರವೇ ದಿನಕ್ಕೆರಡು ಸಲ ತಂದು ತುಂಬುತ್ತೆ. ಮೀನುಗಾರರ ಕಾಂಕ್ರೀಟ್ ಇಳಿಜಾರು, ಜೆಟ್ಟಿ ಅಲ್ಲಲ್ಲಿ ಸಿಗುತ್ತೆ. ಕೇಳಿ ಇಳಿಸಿದ್ರೆ ಯಾರೂ ಬೇಡ ಅನ್ನಲ್ಲ, ಕೇಳದೆ ಅವರ ಬಲೆ ಒಣಗಿಸೋ ಜಾಗದಲ್ಲಿ ಜೀಪು ನಿಲ್ಲಿಸಿದ್ರೆ ಬೈಸಿಕೊಳ್ಳೋದು ಖಾತ್ರಿ.

ಮೊದಲ ಸಲಕ್ಕೆ ನನ್ನ ಓಟು ಉಡುಪಿ ಪಕ್ಕದ ಕೆಮ್ಮಣ್ಣು-ಕೋಡಿ ಬೆಂಗ್ರೆಗೆ. ಸ್ವರ್ಣಾ, ಸೀತಾ ಎರಡೂ ಅಲ್ಲಿ ಸಮುದ್ರಕ್ಕೆ ಸೇರ್ತವೆ. ಮಧ್ಯೆ ತೆಂಗಿನ ಕುದ್ರುಗಳು (ಹೊಳೆ ನಡುವಿನ ದ್ವೀಪಗಳು), ತಿಮ್ಮಣ್ಣಕುದ್ರುವಿನ ತೂಗುಸೇತುವೆ, ಕೆಳಗೆ ತಣ್ಣಗೆ ಹೋಗ್ತಿರಬಹುದು. ಎರಡನೇ ಸಲಕ್ಕೆ ಕುಂದಾಪುರ-ಗಂಗೊಳ್ಳಿ. ಪಂಚಗಂಗಾವಳಿ ಅಗಲವಾಗಿದೆ, ದಾರಿ ತಪ್ಪೋಷ್ಟು ಕವಲಿವೆ. ನಾಲ್ಕೈದು ದಿನ ರಜೆ ಇದ್ರೆ ಹೊನ್ನಾವರ: ಶರಾವತೀಲಿ ಗೇರುಸೊಪ್ಪ ಕಡೆಗೆ ಮೂವತ್ತು ಕಿಲೋಮೀಟರ್ ಹತ್ತಿರ ಮೇಲಕ್ಕೆ ಹೋಗಬಹುದು, ಎರಡೂ ಕಡೆ ಅಡಿಕೆ ತೋಟ. ಮೇಲೆ ಕರೆಂಟ್ ತೆಗೆದು ಬಿಡೋ ನೀರಿಂದ ಆ ಹೊಳೆ ಮೇನಲ್ಲೂ ಹರೀತಿರುತ್ತೆ.

ಉಬ್ಬರ-ಇಳಿತದ ಲೆಕ್ಕ ಮಾತ್ರ ನಾವು ಘಟ್ಟದ ಮೇಲಿನವರು ಕಲೀಬೇಕು. ದಿನಾ ಸುಮಾರು ಐವತ್ತು ನಿಮಿಷ ತಡ ಆಗ್ತಾ ಹೋಗುತ್ತೆ, ಹುಣ್ಣಿಮೆ-ಅಮಾವಾಸ್ಯೆ ಹತ್ರ ಏರಿಳಿತ ಜಾಸ್ತಿ. ನೀರು ಏರೋವಾಗ ಹೊಳೆ ಮೇಲಕ್ಕೆ ಹೋಗಿ, ಇಳಿಯೋವಾಗ ಅದರ ಜೊತೆ ಬನ್ನಿ, ಪೆಟ್ರೋಲ್ ಉಳಿಯುತ್ತೆ. ಇಳಿತದ ಕೊನೇಲಿ ಮರಳ ದಿಬ್ಬದ ಮೇಲೆ ಕುಂತ್ರೆ ಗಾಬರಿ ಬೇಡ, ಬುತ್ತಿ ಬಿಚ್ಚಿ ಊಟ ಮಾಡಿ, ಎರಡು-ಮೂರು ಗಂಟೇಲಿ ತಾನೇ ತೇಲುತ್ತೆ. ಉಬ್ಬರದ ತುದೀಲಿ ಕುಂತ್ರೆ ಮಾತ್ರ ತಕ್ಷಣ ಇಳಿದು ತಳ್ಳಿ, ಇಲ್ಲಾಂದ್ರೆ ರಾತ್ರಿ ಅಲ್ಲೇ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಏಳುತ್ತೆ. ಇಳಿತದ ನೀರು ಹೊರಗೆ ಓಡ್ತಾ, ಗಾಳಿ ಒಳಗೆ ಬೀಸ್ತಾ ಇದ್ರೆ ಅಳಿವೆ ಬಾಯಲ್ಲಿ ಅಲೆ ಗೋಡೆ ಥರ ನಿಲ್ಲುತ್ತೆ. ಹದಿನಾಲ್ಕು ಅಡಿ ಬೋಟಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಬಾಯಿ ದಾಟೋ ಯೋಚನೆನೇ ಬೇಡ. ಬಲೆಯ ತೇಲುಬೆಂಡು, ಪಂಜರ ಮೀನು ಸಾಕಣೆಯ ಚೌಕಟ್ಟು ಕಂಡ್ರೆ ದೂರದಿಂದಲೇ ಸುತ್ತಿಕೊಂಡು ಹೋಗಿ.

ದಿನಾಂಕ: ಏಪ್ರಿಲ್ ಮೊದಲ ಮೂರು ವಾರ ಒಳ್ಳೇದು. ಕಾಫಿಯ ಹೂ ಮಳೆ ಆಗಿ ತೋಟದಲ್ಲೂ ಅಷ್ಟು ಅವಸರ ಇರಲ್ಲ. ಏಪ್ರಿಲ್ ಕೊನೆಗೆ ಭರಣಿ ಮಳೆ ಶುರು. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಾರೆ, ಬೋಟಿನವನಿಗೆ ಅದೇ ಭರಣಿ ಸಿಡಿಲು. ನೀರಿನ ಮೇಲೆ ಎತ್ತರದ ವಸ್ತು ನೀವೊಬ್ಬರೇ. ಮೋಡ ಕಟ್ಟಿದ್ದು ಕಂಡ ಕೂಡಲೇ ದಡ ಸೇರಿ, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿ, ಅತ್ತಿಗೆಗೆ ಈಜು ಬಂದ್ರೂ ಸರಿ. ಮೇ ಇಪ್ಪತ್ತರ ನಂತರ ಕರಾವಳಿ ಕಡೆ ಹೋಗೋದೇ ಬೇಡ.

ದಾರಿಗೆ ಚಾರ್ಮಾಡಿ ನಿಮಗೆ ಹತ್ತಿರ, ಆಗುಂಬೆ ಚಂದ. ಎರಡೂ ಕಡೆ ತಿರುವಲ್ಲಿ ಟ್ರೈಲರ್ ಎದುರು ಬರೋ ಬಸ್ಸಿನ ಬಾಯಿಗೇ ಹೋಗುತ್ತೆ. ಸುತ್ತಾದ್ರೂ ಸಕಲೇಶಪುರಕ್ಕೆ ಬಂದು ಶಿರಾಡಿ ಇಳೀರಿ, ಎರಡನೇ ಗೇರಲ್ಲಿ, ಬ್ರೇಕ್ ಒತ್ತಿ ಹಿಡೀದೆ. ಭಾರ ಮುಂದಕ್ಕೆ ಇರಲಿ: ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲು ಹುಕ್ಕಿನ ಮೇಲೆ ಕೂರ್ಬೇಕು, ಇಲ್ಲಾಂದ್ರೆ ಹಿಂದೆ ಬಾಲ ಆಡಿಸುತ್ತೆ. ತಲುಪಿದ ತಕ್ಷಣ ನೀರಿಗೆ ಇಳಿಸಬೇಡಿ. ಟ್ರೈಲರ್ ಚಕ್ರದ ಬಿಸಿ ಹಬ್ (ಚಕ್ರದ ನಡುವಿನ ಗುಂಬ) ತಣ್ಣೀರಿಗೆ ಬಿದ್ರೆ ಸೀಲಿನ ಸಂದಿಯಿಂದ ನೀರು ಒಳಗೆ ಎಳ್ಕೊಳ್ಳುತ್ತೆ, ಉಪ್ಪು ನೀರಾದ್ರೆ ಬೇರಿಂಗ್ ಕಥೆ ಮುಗೀತು. ಅರ್ಧ ಗಂಟೆ ಬಿಡಿ. ವಾಪಸ್ ಬಂದ ಮೇಲೆ ದೊಡ್ಡ ಡ್ರಮ್ಮಲ್ಲಿ ಸಿಹಿ ನೀರು ತುಂಬಿ ಎಂಜಿನ್ ಹತ್ತು ನಿಮಿಷ ಓಡಿಸಿ.

ಹೊರಡೋ ದಿನ ಸಕಲೇಶಪುರ ಮುಟ್ಟಿದಾಗ ಫೋನ್ ಮಾಡಿ. ಇಲ್ಲೇ ಗಾಡಿ ನಿಲ್ಲಿಸಿ ಹಬ್ ಮುಟ್ಟಿ ನೋಡೋಣ, ಕಾಫಿ ಕುಡ್ಕೊಂಡು ಇಳೀರಿ. ನನ್ನ ಹತ್ರ ಬಿಡಿ ಶಿಯರ್ ಪಿನ್ ನಾಲ್ಕಿದೆ, ನಿಮ್ಮ ಎಂಜಿನ್ನಿಗೆ ಕೂತ್ರೆ ಎರಡು ಕೊಟ್ಟು ಕಳಿಸ್ತೀನಿ.