ಬ್ರಾಹ್ಮಿ ಕ್ಯಾಪ್ಸೂಲ್ ತಗೊಂಡರೆ ನೆನಪು, ಗಮನ ಜಾಸ್ತಿ ಆಗುತ್ತಾ?

ನೆನಪಿಗೆ ಸ್ವಲ್ಪ ಆಗಬಹುದು. ಗಮನಕ್ಕೆ ನನಗಂತೂ ಏನೂ ಆಗಲಿಲ್ಲ. ದಾವಣಗೆರೆಯಲ್ಲಿ ಕೆಎಎಸ್‌ಗೆ ಓದುವಾಗ ತಗೊಂಡಿದ್ದೆ. ಸಂಜೆ ಯಾರಾದರೂ ಮಂಡಕ್ಕಿ ಮಿರ್ಚಿಗೆ ಕರೆದರೆ ಮನಸ್ಸು ಮೊದಲಿನ ಹಾಗೇ ಓಡುತ್ತಿತ್ತು!

ಮೊದಮೊದಲು ಸಿಕ್ಕಿದ್ದು ಹೊಟ್ಟೆ ತೊಳಸು ಮಾತ್ರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಲೈಬ್ರರಿಗೆ ಹೋದರೆ, ಎರಡು ಪುಟ ಓದುವಷ್ಟರಲ್ಲಿ ಬಾಯಲ್ಲೆಲ್ಲಾ ನೀರು ಬಂದು ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಊಟ ಆದಮೇಲೆ ತಗೊಂಡಾಗ ಅದು ನಿಂತಿತು.

ಇದು ಕಾಫಿ ತರ ಅಲ್ಲ, ಕುಡಿದ ಅರ್ಧ ಗಂಟೆಗೆ ಚುರುಕಾಗೋಕೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟು ನೋಡಿದ್ದಾರೆ, ಕಲಿತದ್ದನ್ನು ನೆನಪಿಸಿಕೊಳ್ಳುವುದರಲ್ಲಿ ಸಣ್ಣ ಸುಧಾರಣೆ ಕಂಡಿದೆ, ಅಷ್ಟೇ. ನನಗೂ ಕೊನೆಕೊನೆಗೆ ಇಸವಿಗಳು, ಸಂವಿಧಾನದ ವಿಧಿಗಳು ಬೇಗ ನೆನಪಾಗುತ್ತಿದ್ದವು, ಆದರೆ ಅಷ್ಟೊತ್ತಿಗೆ ರಿವಿಷನ್ ಮೇಲೆ ರಿವಿಷನ್ ಆಗಿತ್ತಲ್ವಾ, ಯಾವುದರ ಪುಣ್ಯವೋ.

ಕೊಳ್ಳುವಾಗ ಲೇಬಲ್ ಮೇಲೆ ಬ್ರಾಹ್ಮಿಯ ವೈಜ್ಞಾನಿಕ ಹೆಸರು ಬಕೋಪಾ ಮೊನಿಯೆರಿ ಅಂತ ಇದೆಯಾ ನೋಡಿ, ಮನೆಯಲ್ಲಿ ಚಟ್ನಿ ಮಾಡುವ ಒಂದೆಲಗ ಬೇರೆ ಗಿಡ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.